ಬಗ್ ಹುಡುಕೋ ಮುಂಚೆ ಬ್ರಾಂಚ್ ಬದಲಿಸೋದು: ನಾನು ಮಾಡಿ ನೋಡಿದ ದಾರಿಗಳು

ತೀರ್ಥಹಳ್ಳಿ ಹತ್ತಿರದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ತೂಕ ಮತ್ತು ಬಿಲ್ಲಿನ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಲ್ಲಿನ ಗುಮಾಸ್ತರ ಫೋನು. "ಮಾರಾಯ್ರೇ, ನಿಮ್ಮ ಕಂಪ್ಯೂಟರ್ ಅರ್ಧ ಕೆಜಿ ಅಡಿಕೆ ತಿಂತಾ ಇದೆ." 12 ಚೀಲದ ರಾಶಿ ಅಡಿಕೆ. ಕೈಯಲ್ಲಿ ಕೂಡಿದ ತೂಕಕ್ಕೂ ಬಿಲ್ಲಿಗೂ ಅಷ್ಟು ವ್ಯತ್ಯಾಸ. ಕ್ವಿಂಟಲಿಗೆ 50 ಸಾವಿರ ಅಂತ ಹಿಡಿದರೂ 250 ರೂಪಾಯಿ ಆಯ್ತಲ್ವಾ, ಯಾವ ರೈತ ಸುಮ್ನೆ ಬಿಡುತ್ತಾನೆ?

ಕೋಡಿನಲ್ಲಿ ಆಗುವ ಬದಲಾವಣೆಗಳ ದಾಖಲೆ ಇಡಲು ನಾನು ಗಿಟ್ ಬಳಸುತ್ತೇನೆ, ಅದರಲ್ಲಿ ಒಂದೇ ಕೋಡಿನ ಬೇರೆ ಬೇರೆ ಕವಲುಗಳೇ ಬ್ರಾಂಚು. ನಾನು ಆಗ ಬೇರೆ ಬ್ರಾಂಚಿನಲ್ಲಿದ್ದೆ. ರೈತರ ಮುಂಗಡದ ಖಾತೆ ಬರೆಯುತ್ತಿದ್ದೆ, ಅರ್ಧಕ್ಕೆ ನಿಂತಿತ್ತು. ಹದಿನಾಲ್ಕು ಫೈಲ್ ಬದಲಾಗಿದ್ದವು, ಮೂರು ಹೊಸವು, ಒಂದೂ ಕಮಿಟ್ ಆಗಿರಲಿಲ್ಲ, ಅಂದರೆ ಗಿಟ್ ದಾಖಲೆಗೆ ಸೇರಿರಲಿಲ್ಲ. ಮಂಡಿಯಲ್ಲಿ ಓಡುತ್ತಿದ್ದದ್ದು ಮೇನ್ ಬ್ರಾಂಚು. ಬಗ್ ನೋಡಬೇಕಾದರೆ ಅಲ್ಲಿಗೆ ಹೋಗಬೇಕು.

ಮೊದಲು ಏನೂ ಯೋಚನೆ ಮಾಡದೆ ಗಿಟ್ ಸ್ವಿಚ್ ಮೇನ್ ಅಂತ ಹೊಡೆದೆ. ಗಿಟ್ ಬಾಯಿ ಬಿಡದೆ ಬಿಟ್ಟುಕೊಟ್ಟಿತು. ನಾವು ತಿದ್ದಿದ ಫೈಲುಗಳು ಎರಡೂ ಬ್ರಾಂಚಿನಲ್ಲಿ ಒಂದೇ ಥರ ಇದ್ದರೆ ಅದು ತಡೆಯುವುದಿಲ್ಲ, ತಿದ್ದಿದ್ದನ್ನೆಲ್ಲ ಹೊತ್ತುಕೊಂಡೇ ಆ ಕಡೆ ಹೋಗುತ್ತದೆ. ಅದೇ ನನ್ನ ಗ್ರಹಚಾರ. ಮುಂಗಡದ ಕೆಲಸದ ನಡುವೆ ತೂಕದ ಫಂಕ್ಷನ್ನನ್ನೂ ಎರಡು ಸಾಲು ತಿದ್ದಿದ್ದೆ, ಅದು ಮರೆತೇ ಹೋಗಿತ್ತು. 12 ಚೀಲ ಹಾಕಿ ನೋಡಿದರೆ ಲೆಕ್ಕ ಸರಿಯಾಗಿಯೇ ಬಂತು. "ಇಲ್ಲಿ ಸರಿ ಇದೆಯಲ್ಲ" ಅಂತ ಗುಮಾಸ್ತರಿಗೆ ಹೇಳಿಯೂ ಬಿಟ್ಟೆ. ಆಮೇಲೆ ಏನೇನು ಬದಲಾಗಿದೆ ಅಂತ ತೋರಿಸುವ ಗಿಟ್ ಸ್ಟೇಟಸ್ ನೋಡಿದಾಗ ಗೊತ್ತಾಯಿತು, ನಾನು ನಿಂತದ್ದು ಮೇನ್ ಮೇಲೆ, ಓಡಿಸಿದ್ದು ನನ್ನ ಅರೆಬೆಂದ ಕೋಡು. ಬಗ್ ಹುಡುಕುವುದಕ್ಕೆ ಈ ದಾರಿ ಬೇಡವೇ ಬೇಡ.

ಎರಡನೆಯದು ಸ್ಟ್ಯಾಶ್, ಅಂದರೆ ಕಮಿಟ್ ಆಗದ ತಿದ್ದುಪಡಿಗಳನ್ನು ಸದ್ಯಕ್ಕೆ ಪಕ್ಕಕ್ಕೆ ಎತ್ತಿಡುವುದು. ಎಲ್ಲರೂ ಹೇಳುವುದು ಇದನ್ನೇ. ಮುಂಗಡದ ಬ್ರಾಂಚಿಗೆ ವಾಪಸ್ ಬಂದು ಸ್ಟ್ಯಾಶ್ ಮಾಡಿದೆ, ಮೇನ್‌ಗೆ ಹೋದೆ, ಪ್ರೋಗ್ರಾಂ ಓಡಿಸಿದೆ. ಈ ಸಲ ಬೇರೆಯೇ ಎರರ್! ಬಿಲ್ಲು ಸೇವ್ ಆಗುತ್ತಲೇ ಇಲ್ಲ. ಒಂದು ಗಂಟೆ ಅದರ ಹಿಂದೆ ಬಿದ್ದೆ. ಕಾರಣ ಏನಪ್ಪಾ ಅಂದರೆ, ಗಿಟ್‌ಗೆ ಇನ್ನೂ ಆಡ್ ಮಾಡದ ಹೊಸ ಫೈಲುಗಳನ್ನು ಬರೀ ಸ್ಟ್ಯಾಶ್ ಮುಟ್ಟುವುದಿಲ್ಲ. ಆ ಮೂರರಲ್ಲಿ ಒಂದು ಡೇಟಾಬೇಸಿನ ರಚನೆ ಬದಲಿಸುವ ಮೈಗ್ರೇಷನ್ ಫೈಲು. ನನ್ನ ಪ್ರೋಗ್ರಾಂ ಶುರುವಾಗುವಾಗ ಆ ಫೋಲ್ಡರಿನಲ್ಲಿ ಏನಿದ್ದರೂ ಓಡಿಸುತ್ತದೆ, ಟೇಬಲ್ಲಿಗೆ ಖಾಲಿ ಬಿಡಬಾರದ ಒಂದು ಹೊಸ ಕಾಲಂ ಸೇರಿತು, ಮೇನ್‌ನ ಹಳೇ ಕೋಡಿಗೆ ಅದರ ಸುಳಿವೇ ಇಲ್ಲ. ಸ್ಟ್ಯಾಶ್‌ಗೆ ಮೈನಸ್ ಯು (-u) ಸೇರಿಸಿದರೆ ಹೊಸ ಫೈಲುಗಳೂ ಒಳಗೆ ಹೋಗುತ್ತವೆ. ಸ್ಟ್ಯಾಶ್ ಬಳಸುವವರು ಅದನ್ನು ಕೈಗೆ ಅಭ್ಯಾಸ ಮಾಡಿಕೊಳ್ಳಿ.

ಸ್ಟ್ಯಾಶಿನ ದೊಡ್ಡ ತೊಂದರೆ ಮರೆವು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಎರಡು ದಿನ ಬರದೇ ಇರುವುದೂ ಉಂಟು. ಮೂರನೇ ದಿನ ಕೂತು ಸ್ಟ್ಯಾಶ್ ಲಿಸ್ಟ್ ನೋಡಿದರೆ ಐದು ಸಾಲು. ಪ್ರತಿ ಸಾಲಲ್ಲೂ ಬ್ರಾಂಚಿನ ಹೆಸರು, ಕೊನೇ ಕಮಿಟ್ಟಿನ ಮಾತು, ಅಷ್ಟೇ. ಒಳಗೆ ಏನಿದೆ ಅಂತ ಬಿಚ್ಚಿ ನೋಡಬೇಕು. ಹೆಸರು ಕೊಟ್ಟು ಸ್ಟ್ಯಾಶ್ ಮಾಡಬಹುದು, ಮಾಡಬೇಕು ಕೂಡ, ಆದರೆ ಅವಸರದಲ್ಲಿ ಯಾರು ಕೊಡುತ್ತಾರೆ? ಒಂದು ಸಮಾಧಾನ: ಎತ್ತಿಟ್ಟದ್ದನ್ನು ವಾಪಸ್ ತರುವಾಗ, ಅಂದರೆ ಪಾಪ್ ಮಾಡುವಾಗ, ಒಂದೇ ಜಾಗದ ತಿದ್ದುಪಡಿಗಳು ಹೊಂದದೆ ಕಾನ್‌ಫ್ಲಿಕ್ಟ್ ಬಂದರೆ ಸ್ಟ್ಯಾಶ್ ಅಳಿಸಿ ಹೋಗುವುದಿಲ್ಲ, ಲಿಸ್ಟಿನಲ್ಲೇ ಇರುತ್ತದೆ.

ಮೂರನೆಯದು ಅರ್ಧಂಬರ್ಧ ಕೆಲಸವನ್ನೇ ಕಮಿಟ್ ಮಾಡಿ ಹೋಗುವುದು. ಕೆಲವರಿಗೆ ಇದು ಗಲೀಜು ಅನಿಸುತ್ತದೆ. ನನಗೆ ಸ್ಟ್ಯಾಶಿಗಿಂತ ಜಾಸ್ತಿ ಇಷ್ಟ. ಕೆಲಸ ಅದರ ಬ್ರಾಂಚಿನಲ್ಲೇ ಕೂತಿರುತ್ತದೆ, ವಾಪಸ್ ಬಂದಾಗ ಹುಡುಕುವುದು ಇಲ್ಲ. ಒಂದು ಸಾಫ್ಟ್ ರೀಸೆಟ್ ಹೊಡೆದರೆ ಆ ಕಮಿಟ್ ಬಿಚ್ಚಿಕೊಳ್ಳುತ್ತದೆ, ಫೈಲು ಹಾಗೇ ಉಳಿಯುತ್ತದೆ. ಸರ್ವರಿಗೆ ಪುಶ್ ಕೂಡ ಮಾಡಬಹುದು. ಏಪ್ರಿಲ್‌ನ ಸಿಡಿಲಿಗೆ ಪಕ್ಕದ ಮನೆಯ ಮೋಡೆಮ್, ಟಿವಿ ಎರಡೂ ಸುಟ್ಟು ಹೋದ ಮೇಲೆ ನನಗೆ ಇದರ ಬೆಲೆ ಗೊತ್ತಾಗಿದೆ. ಬ್ರಾಂಚ್ ಪುಶ್ ಮಾಡಿದರೆ ಸ್ಟ್ಯಾಶ್ ಅದರ ಜೊತೆ ಹೋಗುವುದಿಲ್ಲ, ಲ್ಯಾಪ್‌ಟಾಪ್ ಸುಟ್ಟರೆ ಅದೂ ಸುಟ್ಟ ಹಾಗೆ. ಎಲ್ಲವನ್ನೂ ಕಣ್ಣು ಮುಚ್ಚಿ ಆಡ್ ಮಾಡಿದರೆ ಮಾತ್ರ ಟೆಸ್ಟಿಗೆ ತೆಗೆದ ಬಿಲ್ಲಿನ ಪಿಡಿಎಫ್‌ಗಳೂ ಒಳಗೆ ಸೇರುತ್ತವೆ. ನನಗೆ ಸೇರಿವೆ.

ಆದರೆ ಆ ದಿನ ಕೆಲಸ ಮುಗಿಸಿಕೊಟ್ಟದ್ದು ವರ್ಕ್‌ಟ್ರೀ. 2015ರಲ್ಲಿ ಗಿಟ್ 2.5ರಲ್ಲೇ ಬಂದದ್ದು, ನಾನು ಮುಟ್ಟಿಯೇ ಇರಲಿಲ್ಲ. ಒಂದೇ ರೆಪೊ (ಕೋಡು ಮತ್ತು ಅದರ ಇತಿಹಾಸ ಇರುವ ಗಿಟ್ ಭಂಡಾರ), ಎರಡು ಫೋಲ್ಡರು, ಒಂದೊಂದರಲ್ಲಿ ಒಂದೊಂದು ಬ್ರಾಂಚು. ಮುಂಗಡದ ಖಾತೆ ಇದ್ದ ಹಾಗೇ ಇರಲಿ ಅಂತ ಪಕ್ಕದಲ್ಲಿ "ಬಗ್" ಅಂತ ಫೋಲ್ಡರ್ ಮಾಡಿ ಮೇನ್ ಅಲ್ಲಿ ತೆರೆದೆ. ಎಡಿಟರಿನ ಎರಡು ಕಿಟಕಿ, ಒಂದಕ್ಕೊಂದು ಸಂಬಂಧವಿಲ್ಲ.

ಸಲೀಸಾಗಿ ಏನೂ ಆಗಲಿಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳಿದ್ದಕ್ಕೆ ಗಿಟ್ ಇಗ್ನೋರ್ ಮಾಡಿದ ಫೈಲುಗಳು ಹೊಸ ಫೋಲ್ಡರಿಗೆ ಬರುವುದಿಲ್ಲ, ಹಾಗಾಗಿ ಸೆಟ್ಟಿಂಗ್ ಫೈಲೂ ಇಲ್ಲ, ಲೈಬ್ರರಿಗಳೂ ಇಲ್ಲ. ಫೈಬರ್ ತುಂಡಾಗಿತ್ತು, ಡೌನ್‌ಲೋಡ್ ಮಾಡುವ ಮಾತೇ ಇಲ್ಲ. ಹಳೇ ಫೋಲ್ಡರಿಂದ ಕಾಪಿ ಮಾಡಿದೆ. ಇನ್ನೊಂದು, ಫೋಲ್ಡರ್ ಎರಡಾದರೂ ಡೇಟಾಬೇಸ್ ಒಂದೇ! ಗಿಟ್ ಕೋಡನ್ನು ಬದಲಿಸುತ್ತದೆ, ಡೇಟಾಬೇಸಿನ ತಂಟೆಗೆ ಹೋಗುವುದಿಲ್ಲ. ಬಗ್ ಫೋಲ್ಡರಿಗೆ ಬೇರೆ ಡೇಟಾಬೇಸ್ ಮಾಡಿದೆ. ಇಷ್ಟಾದ ಮೇಲೆ 12 ಚೀಲ ಹಾಕಿದರೆ ಅರ್ಧ ಕೆಜಿ ಮಾಯ. ಬಗ್ ಕೊನೆಗೂ ಕಣ್ಣಿಗೆ ಬಿತ್ತು.

ಬಗ್ ಯಾವ ಕಮಿಟ್ಟಿನಲ್ಲಿ ಬಂತು ಅಂತ ಹುಡುಕಿಕೊಡುವ ಬೈಸೆಕ್ಟ್ ಅಲ್ಲೇ ಶುರು ಮಾಡಿದೆ. ಸರಿ ಇದ್ದ ಹಳೇ ಕಮಿಟ್ಟಿಗೂ ಈಗಿನದಕ್ಕೂ ನಡುವೆ ಅರವತ್ತರಷ್ಟು ಕಮಿಟ್. ಪ್ರತಿ ಸಲ ಅರ್ಧಕ್ಕೆ ಅರ್ಧ ಕಡಿಮೆ ಆಗುವುದರಿಂದ ಆರು ಸುತ್ತು ಸಾಕು. ಚೀಲದ ತೂಕ ಕಳೆದು ಕೂಡುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ರೆಪೊ ಹೊರಗೆ ಇಟ್ಟೆ, ಸರಿ ಇದ್ದರೆ 0, ತಪ್ಪಿದ್ದರೆ 1. ನಾಲ್ಕನೇ ಸುತ್ತಿಗೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈ ಕೊಟ್ಟಿತು. ಸಂಜೆ ಮತ್ತೆ ಆನ್ ಮಾಡಿದರೆ ಬೈಸೆಕ್ಟ್ ಅದೇ ಜಾಗದಲ್ಲಿ ನಿಂತಿತ್ತು. ಅದರ ಲೆಕ್ಕವೆಲ್ಲ ಡಿಸ್ಕಿನಲ್ಲೇ ಇರುತ್ತದೆ.

ಸಿಕ್ಕ ಕಮಿಟ್ ನನ್ನದೇ. ಲಾಟಿನ ಒಟ್ಟು ತೂಕವನ್ನು ಕೊನೆಗೆ 100 ಗ್ರಾಂ ಲೆಕ್ಕಕ್ಕೆ ತರುವ ಬದಲು ಪ್ರತಿ ಚೀಲಕ್ಕೂ ಕೆಳಗೆ ಇಳಿಸುತ್ತಿದ್ದೆ. ಒಂದು ಚೀಲಕ್ಕೆ ಸರಾಸರಿ 50 ಗ್ರಾಂ ಹೋದರೂ 12 ಚೀಲಕ್ಕೆ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ಕ್ಲೋನ್, ಅಂದರೆ ರೆಪೊದ್ದೇ ಪೂರ್ತಿ ನಕಲು, ಮಾಡಿಕೊಳ್ಳುವವರೂ ಇದ್ದಾರೆ, ನಾನೂ ಮಾಡುತ್ತಿದ್ದೆ. ಕೆಲಸವೇನೋ ಆಗುತ್ತದೆ, ಆದರೆ ಅಲ್ಲಿ ಮಾಡಿದ ಕಮಿಟ್ ಇಲ್ಲಿ ಕಾಣಬೇಕಾದರೆ ಪುಶ್, ಪುಲ್ ಅಂತ ಓಡಾಡಬೇಕು. ವರ್ಕ್‌ಟ್ರೀ ಗೊತ್ತಾದ ಮೇಲೆ ಅದನ್ನು ಬಿಟ್ಟೆ.

ಈಗ ಹತ್ತು ನಿಮಿಷದ ಕೆಲಸಕ್ಕೆ ಮಾತ್ರ ಸ್ಟ್ಯಾಶ್. ರಾತ್ರಿ ಮಲಗುವ ಮುಂಚೆ ಅರ್ಧ ಕಮಿಟ್ ಮಾಡಿ ಪುಶ್. "ಬಗ್" ಫೋಲ್ಡರನ್ನು ತೆಗೆದೇ ಇಲ್ಲ, ಅದರ ಡೇಟಾಬೇಸ್ ಜೊತೆ ಅಲ್ಲೇ ಇದೆ. ಸರಿಪಡಿಸಿ ಕಳಿಸಿದ ದಿನ ಗುಮಾಸ್ತರು ಮತ್ತೆ ಫೋನ್ ಮಾಡಿದರು. "ಇದು ಸರಿಯಾಯ್ತು. ಹೋದ ತಿಂಗಳ ಬಿಲ್ಲುಗಳದ್ದು ಏನು ಮಾಡ್ತೀರಿ?"