ಮಲೆನಾಡಿನ ಮಳೆಗಾಲವನ್ನು ದಾಟಿ ಬಂದ ಜಪಸರ

ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದಲ್ಲಿ (ಕೆಥೆಡ್ರಲ್ ಚರ್ಚಿನಲ್ಲಿ) ಭಾನುವಾರದ ಪೂಜೆ ಮುಗಿಸಿ ಬಸ್ ನಿಲ್ದಾಣದ ಕಡೆಗೆ ನಡೆಯುವಾಗ, ಕಳೆದ ವರ್ಷದ ಮೇ ತಿಂಗಳಿನಲ್ಲಿ, ಶಿಲುಬೆ, ಮೇಣದಬತ್ತಿ ಮತ್ತು ಸಂತರ ಪಟಗಳನ್ನು ಮಾರುವ ಸಣ್ಣ ಅಂಗಡಿಯೊಂದರಲ್ಲಿ ನಾನು ಒಂದು ಜಪಸರವನ್ನು, ಅಂದರೆ ಕಥೋಲಿಕರು ಪ್ರಾರ್ಥನೆ ಎಣಿಸುವ ಮಣಿಸರವನ್ನು, ಕೊಂಡೆ. ಅದಕ್ಕೂ ಮುಂಚೆ ನನ್ನ ಬಳಿ ಇದ್ದದ್ದು ಬೇರೆಲ್ಲೋ ಕೊಂಡ, ಬೆಳ್ಳಿಯ ಲೇಪವಿದ್ದ ಸರಪಳಿಯದು. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಆಷಾಢದ ತಂಡಿಗೆ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಎರಡೇ ಮಳೆಗಾಲದಲ್ಲಿ ಅದರ ಲೇಪ ಎದ್ದು, ಕೊಂಡಿಗಳು ತುಕ್ಕು ಹಿಡಿದು, ಮಣಿಗಳು ಒಂದೊಂದಾಗಿ ಉದುರಿಹೋಗಿದ್ದವು.

ನಾನು ಕೈ ಚಾಚಿದ್ದು ನೀಲಿ ಗಾಜಿನ ಮಣಿಗಳ ದುಬಾರಿ ಸರಕ್ಕೆ. ಅಂಗಡಿಯ ಹಿರಿಯ ಹೆಂಗಸು, "ದಿನಾ ಜಪಕ್ಕೆ ಬೇಕಾ ತಮ್ಮಾ, ಗೋಡೆಗೆ ತೂಗು ಹಾಕೋಕಾ? ದಿನಾ ಕೈಯಲ್ಲಿ ಇರೋದಾದ್ರೆ ಈ ದಾರದ್ದೇ ತಗೋ" ಎಂದು, ನೈಲಾನ್ ದಾರಕ್ಕೆ ಗಂಟು ಹಾಕಿ ಪೋಣಿಸಿದ ಮರದ ಮಣಿಗಳ ಸರವನ್ನು ಮುಂದಿಟ್ಟರು. ಅದರ ಬೆಲೆ ಗಾಜಿನದರ ಕಾಲು ಭಾಗವೂ ಇರಲಿಲ್ಲ. ದೇವರಿಗೂ ನೆರೆಯವರಿಗೂ ಸಲ್ಲಬೇಕಾದುದನ್ನು ಸಲ್ಲಿಸುವ ದೃಢ ಮನಸ್ಸನ್ನು ನಮ್ಮ ಕಥೋಲಿಕ ಧರ್ಮಸಭೆ ನ್ಯಾಯವೆಂಬ ಸದ್ಗುಣವೆಂದು ಕಲಿಸುತ್ತದೆ. ಆ ಪಾಠವನ್ನು ನಾನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆನಾದರೂ, ತನ್ನ ಲಾಭವನ್ನು ತಾನೇ ಕಡಿಮೆ ಮಾಡಿಕೊಂಡ ಒಬ್ಬ ವ್ಯಾಪಾರಿಯ ಮಾತಿನಲ್ಲಿ ಅದನ್ನು ಕೇಳಿದ್ದು ಅಂದೇ. ಸರ ಆಶೀರ್ವದಿಸಿದ್ದೇ ಎಂದು ವಿಚಾರಿಸಿದಾಗ, ಅದನ್ನು ಫಾದರ್ ಬಳಿ ನೀವೇ ಮಾಡಿಸಿಕೊಳ್ಳಬೇಕು ಎಂದರು. ಅದೂ ಸರಿಯಾದ ಕ್ರಮವೇ. ಆಶೀರ್ವಾದದ ಹೆಸರಿನಲ್ಲಿ ಬೆಲೆ ಏರಿಸುವುದನ್ನು ಧರ್ಮಸಭೆ ಒಪ್ಪುವುದಿಲ್ಲ.

ಬಾಳಿಕೆಯ ವಿಷಯಕ್ಕೆ ಬಂದರೆ, ಒಂದು ಪೂರ್ತಿ ಮಳೆಗಾಲದ ನಂತರವೂ 59 ಮಣಿಗಳೂ ಸ್ಥಾನದಲ್ಲೇ ಇವೆ, ಗಂಟುಗಳು ಸಡಿಲವಾಗಿಲ್ಲ, ಬೆರಳಿನ ಎಣ್ಣೆಗೆ ಮರದ ಬಣ್ಣ ಗಾಢವಾಗಿದೆ. ಶಿಲುಬೆಯ ಅಂಟು ಮಾತ್ರ ಶ್ರಾವಣದಲ್ಲಿ ಬಿಟ್ಟುಕೊಂಡಿತು. ಮುಂದಿನ ಸಲ ಹೋದಾಗ ಅವರು ಹಣ ಪಡೆಯದೆ ತಂತಿಯ ಬಳೆ ಹಾಕಿ ಕೊಟ್ಟರು. ನಿಜವಾದ ಕೊರತೆಯೆಂದರೆ, 'ಪರಲೋಕದಲ್ಲಿರುವ ನಮ್ಮ ತಂದೆ' ಪ್ರಾರ್ಥನೆಯ ಮಣಿಗಳು 'ನಮೋ ಮರಿಯೆ'ಯ ಮಣಿಗಳಿಗಿಂತ ಅಷ್ಟೇನೂ ದೊಡ್ಡವಲ್ಲದ ಕಾರಣ, ಕರೆಂಟು ಹೋದ ರಾತ್ರಿಗಳಲ್ಲಿ ಹತ್ತು 'ನಮೋ ಮರಿಯೆ'ಗಳ ಗುಂಪು ಎಲ್ಲಿ ಮುಗಿಯಿತೆಂದು ಬೆರಳಿಗೆ ತಿಳಿಯುವುದಿಲ್ಲ. ಜೊತೆಗೆ ಕೊಟ್ಟ ಪ್ರಾರ್ಥನಾ ಹಾಳೆಯೂ ಹಳೆಯ ಮುದ್ರಣದ್ದು. 2002ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು (ಪೋಪ್) ಸೇರಿಸಿದ, ನಾವು ಗುರುವಾರ ಧ್ಯಾನಿಸುವ ಐದು ಬೆಳಕಿನ ರಹಸ್ಯಗಳು, ಅಂದರೆ ಯೇಸುವಿನ ಬದುಕಿನ ಐದು ಘಟನೆಗಳು, ಅದರಲ್ಲಿಲ್ಲ. ಹೊಸಬರಿಗೆ ಇದರಿಂದ ಗೊಂದಲವಾಗುತ್ತದೆ, ಬದಲಾಯಿಸಬೇಕು.

ದಾರದ ಸರ ಅಂಗಿಯ ಜೇಬಿನಲ್ಲಿ ಸದ್ದಿಲ್ಲದೆ ಇರುತ್ತದೆ, ತೋಟಕ್ಕೂ ಬರುತ್ತದೆ. ಅಡಿಕೆ ಸುಲಿದವರ ಕೂಲಿ ಲೆಕ್ಕ ಹಾಕುವಾಗ ಚಿಲ್ಲರೆಯನ್ನು ನನ್ನ ಕಡೆಗೇ ಸರಿಸಿಕೊಳ್ಳುವ ಹಳೆಯ ರೂಢಿ ನನಗಿತ್ತು. ಕಳೆದ ಸುಗ್ಗಿಯಲ್ಲಿ ಹಣ ತೆಗೆಯಲು ಜೇಬಿಗೆ ಕೈ ಹಾಕಿದಾಗ ಮೊದಲು ಸಿಕ್ಕಿದ್ದು ಮಣಿಗಳು. ಆ ದಿನ ಪೂರ್ತಿ ಹಣ ಕೊಟ್ಟೆ, ಆಮೇಲೆ ಹಾಗೆಯೇ ಕೊಡುತ್ತಿದ್ದೇನೆ. ಸದ್ಗುಣವು ಒಂದು ದಿನದ ಉಮೇದಲ್ಲ, ಒಳಿತನ್ನು ಮಾಡುವ ಸ್ಥಿರವಾದ ರೂಢಿ ಎಂಬ ಧರ್ಮೋಪದೇಶದ (ಧರ್ಮಸಭೆಯ ಬೋಧನೆಯ) ಮಾತು ನನಗೆ ಅರ್ಥವಾಗತೊಡಗಿದ್ದು ಆ ಲೆಕ್ಕದ ಪುಸ್ತಕದ ಮುಂದೆ.

ತಂಗಿಯ ಮಗಳ ಪ್ರಥಮ ಪರಮಪ್ರಸಾದಕ್ಕೆಂದು (ಮಗು ಮೊದಲ ಸಲ ಪವಿತ್ರ ಪ್ರಸಾದ ಸ್ವೀಕರಿಸುವ ಸಮಾರಂಭ) ಇತ್ತೀಚೆಗೆ ಮತ್ತೆ ಆ ಅಂಗಡಿಗೆ ಹೋಗಿದ್ದೆ. ಬಿಳಿ ಮುತ್ತಿನಂಥ ಮಣಿಗಳ ಸರವನ್ನು ಕೇಳಿದೆ. "ಮಗು ದಿನಾ ಹಿಡಿಯೋದು ಬೇಡ್ವಾ?" ಎಂದು ಅವರು ಕೇಳಿದರು. ದಾರದ್ದನ್ನೇ ಕಟ್ಟಿಸಿಕೊಂಡು ಬಂದೆ.