ಹಳೆ ಕ್ಯಾರವಾನ್ ತಗೊಳ್ಳೋ ಮುಂಚೆ ಹಲಗೆ ಎತ್ತಿ ವೈರಿಂಗ್ ನೋಡಿ

ಗಾಣಗಾಪುರದ ಸಂಗಮದ ಹತ್ತಿರ ರಾತ್ರಿ ಎರಡು ಗಂಟೆಗೆ ಅವ್ವ ನನ್ನನ್ನು ಎಬ್ಬಿಸಿದಳು. "ಏನೋ ಸುಟ್ಟ ವಾಸನಿ ಬರ್ಲಾಕತ್ತದ, ಏಳಪ್ಪಾ" ಅಂದಳು. ಟಾರ್ಚ್ ಹಾಕಿದರೆ ನಮ್ಮ ಕ್ಯಾರವಾನ್ ಒಳಗೆ ಅವಳು ಮಲಗಿದ್ದ ಹಲಗೆಯ ಸಂದಿಯಿಂದ ಹೊಗೆ. ಅವಳನ್ನು ಕೆಳಗಿಳಿಸಿ ಹಲಗೆ ಎತ್ತಿದೆ. ಕೆಂಪು ವೈರಿನ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಕರಗಿ ಹಲಗೆಗೆ ಅಂಟಿತ್ತು. ಒಳಗಿನ ತಾಮ್ರ ಕಪ್ಪಾಗಿತ್ತು. ಬ್ಯಾಟರಿ ಟರ್ಮಿನಲ್ ಬಿಚ್ಚಬೇಕು, ಅದಕ್ಕೆ ಹತ್ತನೇ ನಂಬರ್ ಪಾನಾ ಬೇಕು. ಪಾನಾ ಡಿಕ್ಕಿಯಲ್ಲಿ ಚೀಲಗಳ ಕೆಳಗೆ. ಪಕ್ಕದಲ್ಲಿ ನಿಂತಿದ್ದ ಜೀಪಿನ ಡ್ರೈವರ್ ಅಣ್ಣ ನನ್ನ ಕೂಗು ಕೇಳಿ ತನ್ನ ಪಾನಾ ಹಿಡಿದು ಓಡಿ ಬಂದರು. ಟರ್ಮಿನಲ್ ಬಿಚ್ಚಿದ ಮೇಲೆ ಹೊಗೆ ನಿಂತಿತು. ಆ ಹಲಗೆ ಮೇಲೆ ಹತ್ತಿಯ ಗಾದಿ ಇತ್ತು. ಅವ್ವನಿಗೆ ಎಚ್ಚರ ಆಗದೇ ಇದ್ದಿದ್ದರೆ? ಇವತ್ತಿಗೂ ನೆನೆಸಿಕೊಂಡರೆ ಕೈ ನಡುಗುತ್ತದೆ. ನಿಮ್ಮಲ್ಲಿ ಯಾರಾದರೂ ಇಂಥ ಗಾಡಿ ತಗೊಳ್ಳೋ ಯೋಚನೆಯಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ.

ಗಾಡಿ ಹದಿಮೂರು ಸೀಟಿನ ಹಳೆ ವ್ಯಾನು. ಹಿಂದಿನ ಮಾಲೀಕರು ಸೀಟು ತೆಗೆಸಿ ಎರಡು ಹಾಸಿಗೆ, ಫ್ಯಾನು, ಸಣ್ಣ ಫ್ರಿಜ್, ಇನ್ವರ್ಟರ್, ಕೆಳಗೊಂದು ಟ್ಯೂಬ್ಯುಲರ್ ಬ್ಯಾಟರಿ ಹಾಕಿಸಿದ್ದರು. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗಲ್ಲ. ಹುಣ್ಣಿಮೆಗೆ ಗಾಣಗಾಪುರದಲ್ಲಿ ರೂಮು ಸಿಗೋದು ಕಷ್ಟ. ಬೀದರ್, ಬಸವಕಲ್ಯಾಣ ಎಲ್ಲಾ ಇದರಲ್ಲೇ ತೋರಿಸಬೇಕು ಅನ್ನೋ ಆಸೆಯಿಂದ ತಗೊಂಡೆ. ಇಂಜಿನ್ ನೋಡಿದೆ, ಟೈರ್ ನೋಡಿದೆ. ಹಲಗೆ ಎತ್ತಿ ನೋಡಲಿಲ್ಲ.

ಮೊದಲ ತಿಂಗಳಲ್ಲೇ ಒಳಗಿನ ಲೈಟು, ಫ್ಯಾನಿನ ಫ್ಯೂಸ್ ಹಾರತೊಡಗಿತು. ಎರಡು ದಿನ ಸುಮ್ನೆ ಇರುತ್ತಿತ್ತು, ಮೂರನೇ ದಿನ ಪಟ್ ಅಂತ ಹೋಗುತ್ತಿತ್ತು. ಕಲಬುರಗಿಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿ 15 ಆಂಪ್ಸ್ ಫ್ಯೂಸ್ ತೆಗೆದು 30 ಹಾಕಿದರು. ವಾರದಲ್ಲಿ ಅದೂ ಹೋಯಿತು. ಈ ಸಲ ಫ್ಯೂಸಿನ ಕಾಲುಗಳಿಗೆ ತಾಮ್ರದ ಎಳೆ ಸುತ್ತಿ ಕೂರಿಸಿದರು. "ಇನ್ನ ಹಾರಂಗಿಲ್ರಿ, ಆರಾಮ್ ಹೋಗ್ರಿ" ಅಂದರು. ಹಾರಲಿಲ್ಲ, ನಿಜ. ಆ ಎಳೆ ಗಟ್ಟಿಯಾಗಿ ನಿಂತಿದ್ದಕ್ಕೇ ವೈರ್ ಸುಟ್ಟಿತು.

ಫ್ಯೂಸ್ ಇರುವುದು ಫ್ಯಾನ್ ಉಳಿಸೋಕಲ್ಲ, ವೈರ್ ಉಳಿಸೋಕೆ. ನನ್ನ ಗಾಡಿಯಲ್ಲಿದ್ದದ್ದು 1.5 ಚದರ ಮಿಲಿಮೀಟರ್ ವೈರ್. ಅದಕ್ಕೆ 15 ಆಂಪ್ಸ್ ಸರಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಅಷ್ಟೂ ಜಾಸ್ತಿಯೇ. ಅಂಥ ವೈರಿಗೆ ತಾಮ್ರದ ಎಳೆ ಸುತ್ತಿದರೆ ಇಡೀ ವೈರೇ ಫ್ಯೂಸ್ ಆಗುತ್ತದೆ.

ಗಾಡಿಯನ್ನು ಟೋಚನ್ ಮಾಡಿಸಿ ಊರಿಗೆ ತಂದೆ. ಪರಿಚಯದವರೊಬ್ಬರು ಒಬ್ಬ ವಯಸ್ಸಾದ ವೈರ್‌ಮನ್ ಕಾಕಾ ಹತ್ತಿರ ಕಳಿಸಿದರು. ಅವರು ಪಕ್ಕಡ ಹಿಡಿಯುವ ಮುಂಚೆ ಕೇಳಿದ್ದು ಒಂದೇ ಮಾತು: "ಯಾವಾಗ ಹಾರ್ತದ್ರಿ?" ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನೂ ಯೋಚನೆ ಮಾಡಿರಲಿಲ್ಲ. ಅವ್ವನೇ ಹೇಳಿದಳು, "ನಾ ಕೂತಾಗ, ಇಲ್ಲಾ ಮಗ್ಗಲಾ ಬದಲಿ ಮಾಡಿದಾಗ."

ಕಾಕಾ ಸುಟ್ಟ ತುಂಡನ್ನಷ್ಟೇ ಕತ್ತರಿಸಿ ಜೋಡಿಸಿದರು, ವೈರನ್ನು ಅದೇ ದಾರಿಯಲ್ಲಿ ಬಿಟ್ಟರು. ಆಮೇಲೆ ಫ್ಯೂಸ್ ಜಾಗದಲ್ಲಿ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಸಿಕ್ಕಿಸಿದರು. ಲೈಟು, ಫ್ಯಾನು ಎಲ್ಲಾ ಬಂದ್. ಬಲ್ಬ್ ಹತ್ತಲಿಲ್ಲ. ಅವ್ವನನ್ನು ಹಲಗೆ ಮೇಲೆ ಕೂರಿಸಿದರು. ಬಲ್ಬ್ ಝಗ್ ಅಂತ ಹತ್ತಿತು. ಎದ್ದಳು, ಆರಿತು. ಇನ್ನೊಮ್ಮೆ ಕೂರಿಸಿದರು, ಮತ್ತೆ ಹತ್ತಿತು. ವೈರ್ ಹಾದು ಹೋಗಿದ್ದು ಕಬ್ಬಿಣದ ಆಂಗಲ್ ಅಂಚಿನ ಮೇಲೆ. ಕೂತಾಗಲೆಲ್ಲ ಹಲಗೆ ಒತ್ತಿ, ಪ್ಲಾಸ್ಟಿಕ್ ಸವೆದು, ತಾಮ್ರ ಗಾಡಿಯ ಬಾಡಿಗೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ, ತಾಗಿ ಶಾರ್ಟ್ ಆಗುತ್ತಿತ್ತು. ಒಂದು ರಬ್ಬರ್ ಬುಷ್ ಹಾಕಿದ್ದರೆ ಸಾಕಿತ್ತು. ಈ ಬಲ್ಬಿನ ಉಪಾಯ ನೆನಪಿಡಿ. ಶಾರ್ಟ್ ಆದರೂ ಬಲ್ಬ್ ಎರಡು ಆಂಪ್ಸಿಗಿಂತ ಹೆಚ್ಚು ಹರಿಯೋಕೆ ಬಿಡಲ್ಲ. ವೈರ್ ಸುಡಲ್ಲ, ಫ್ಯೂಸ್ ಹಾಳಾಗಲ್ಲ, ತಪ್ಪು ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ.

ಆಮೇಲೆ ಅವರು ಒಂದೊಂದಾಗಿ ಬಿಚ್ಚಿದ ಹಾಗೆ ನನಗೆ ಭಯ ಜಾಸ್ತಿ ಆಯಿತು.

ಫ್ಯಾನ್ ಹಾಕಿದರೆ ಲೈಟು ಮಂಕಾಗುತ್ತಿತ್ತು. ಬ್ಯಾಟರಿ ಹೋಗಿದೆ ಅಂತ ಒಬ್ಬರು ಹೇಳಿದ್ದಕ್ಕೆ ನಾನು ಹೊಸ ಬ್ಯಾಟರಿ ಹಾಕಿಸಿದ್ದೆ, ಆ ದುಡ್ಡು ವ್ಯರ್ಥ. ಕಾಕಾ ಫ್ಯಾನು, ಲೈಟು, ಪಂಪು ಎಲ್ಲಾ ಚಾಲೂ ಮಾಡಿ ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಗಾಡಿಯ ಬಾಡಿಗೆ ಹಿಡಿದರು. 1.4 ವೋಲ್ಟ್ ಬಂತು. ಅಲ್ಲಿ 0.2ಕ್ಕಿಂತ ಕಡಿಮೆ ಇರಬೇಕು. ಬ್ಯಾಟರಿಯ ಮೈನಸ್ ವೈರನ್ನು ಬಾಡಿಗೆ ಕೂಡಿಸುವ ಅರ್ಥಿಂಗ್ ಬೋಲ್ಟನ್ನು ಪೇಂಟಿನ ಮೇಲೇ ಬಿಗಿದಿದ್ದರು, ಕೆಳಗೆಲ್ಲ ತುಕ್ಕು. ಉಜ್ಜಿ ಹೊಳಪು ಬರಿಸಿ ಬಿಗಿದ ಮೇಲೆ ಲೈಟು ಮಂಕಾಗೋದು ನಿಂತಿತು.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೇ ಇರೋದು ಇನ್ನೊಂದು ಗೋಳು. ಇಂಜಿನ್ ಬ್ಯಾಟರಿಗೂ ಫ್ಯಾನು, ಫ್ರಿಜ್ ಓಡಿಸುವ ಒಳಗಿನ ಬ್ಯಾಟರಿಗೂ ನಡುವೆ ರಿಲೇ ಇಲ್ಲದೆ ನೇರ ವೈರ್ ಎಳೆದಿದ್ದರು. ರಾತ್ರಿಯಿಡೀ ಫ್ರಿಜ್ ಓಡಿದರೆ ಎರಡೂ ಖಾಲಿ. ಇಂಜಿನ್ ಬಂದ್ ಆದಾಗ ಎರಡನ್ನೂ ಬೇರೆ ಮಾಡುವ ರಿಲೇ ಬೇಕೇ ಬೇಕು. ಮೀಟರ್ ಒಂದು ಇಟ್ಟುಕೊಳ್ಳಿ. ಒಂದೆರಡು ತಾಸು ಸುಮ್ನೆ ಬಿಟ್ಟ ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ. ಇಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಬರದಿದ್ದರೆ ಬ್ಯಾಟರಿ ಬದಲಿಸೋ ಮುಂಚೆ ಡೈನಮೋ, ಬೆಲ್ಟು ನೋಡಿಸಿ.

ಇನ್ವರ್ಟರಿನ ವೈರ್ ಕೂಡ ತೆಳುವೇ ಇತ್ತು. ಮನೆಯಲ್ಲಿ 500 ವ್ಯಾಟ್ ಮಿಕ್ಸಿ ಎರಡು ಆಂಪ್ಸ್ ಚಿಲ್ಲರೆ ಎಳೆಯುತ್ತದೆ. ಅದೇ ಮಿಕ್ಸಿಯನ್ನು 12 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಓಡಿಸಿದರೆ ಬ್ಯಾಟರಿ ಕಡೆ 45 ಆಂಪ್ಸ್ ದಾಟುತ್ತದೆ. ಮನೆಯ ವೈರ್ ನೋಡಿ ಗಾಡಿಯ ವೈರ್ ಲೆಕ್ಕ ಹಾಕಬೇಡಿ. ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಮೇನ್ ಫ್ಯೂಸ್ ಇರಬೇಕು. ನನ್ನ ಗಾಡಿಯಲ್ಲಿ ಅದು ಇರಲೇ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬೇರೆಯೇ ಇತ್ತು. ಗಾಣಗಾಪುರಕ್ಕೆ ಹೋಗೋ ಮುಂಚೆ ಮನೆ ಮುಂದೆ ಗಾಡಿ ನಿಲ್ಲಿಸಿ, ಮನೆಯಿಂದ ಎಕ್ಸ್‌ಟೆನ್ಷನ್ ಎಳೆದು ಚಾರ್ಜಿಗೆ ಹಾಕಿದ್ದೆ. ಅಂಗಳ ತೊಳೆದು ಒದ್ದೆ ಇತ್ತು. ಅಕ್ಕನ ಮಗ ಬರಿಗಾಲಲ್ಲಿ ಬಂದು ಬಾಗಿಲು ಮುಟ್ಟಿ ಕೈ ಕೊಡವಿಕೊಂಡ. "ಮಾಮಾ, ಬಾಗಿಲು ಜುಮ್ ಅಂತದ" ಅಂದ. ಏನೋ ಸಣ್ಣದಿರಬೇಕು ಅಂತ ಪ್ಲಗ್ ಕಿತ್ತು ಸುಮ್ಮನಾದೆ. ಅದು ಸಣ್ಣದಲ್ಲ ಅಂತ ಕಾಕಾ ತೋರಿಸಿದರು. ಚಾರ್ಜರಿನೊಳಗೆ ಫೇಸ್ ಲೀಕ್ ಆಗಿ ಬಾಡಿಗೆ ಬರುತ್ತಿತ್ತು. ಪ್ಲಗ್ಗು ಎರಡು ಪಿನ್ನಿನದು, ಅರ್ಥ್ ಇಲ್ಲ. ಗಾಡಿ ನಿಂತಿರೋದು ರಬ್ಬರ್ ಟೈರಿನ ಮೇಲೆ. ಹಾಗಾಗಿ ಇಡೀ ಬಾಡಿಗೇ ಕರೆಂಟ್ ಬಂದು ನಿಂತಿರುತ್ತದೆ. ನೆಲದ ಮೇಲೆ ನಿಂತು ಯಾರು ಮುಟ್ಟುತ್ತಾರೋ ಅವರ ಮೈಯಿಂದಲೇ ಅದು ನೆಲಕ್ಕಿಳಿಯುತ್ತದೆ. ಆ ದಿನ ಲೀಕ್ ಕಡಿಮೆ ಇತ್ತು, ಮಗು ಉಳಿಯಿತು.

ಮೂರು ಪಿನ್, ಬಾಡಿಗೆ ಗಟ್ಟಿ ಅರ್ಥ್, ಕರೆಂಟ್ ಲೀಕ್ ಆದ ಕೂಡಲೇ ತಾನೇ ಲೈನ್ ಬಂದ್ ಮಾಡುವ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ. ಇವು ಇಲ್ಲದ ಗಾಡಿಗೆ ಮನೆ ಕರೆಂಟ್ ಕೊಡಲೇಬೇಡಿ. ಆರ್‌ಸಿಸಿಬಿ ಮೇಲಿರೋ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಮನೆಯ ಅರ್ಥಿಂಗ್ ಗುಂಡಿಯನ್ನೂ ಮರೆಯಬೇಡಿ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಆಗ ಅರ್ಥ್ ಸರಿಯಾಗಿ ಹಿಡಿಯಲ್ಲ. ಎರಡು ಕೊಡ ನೀರು ಹಾಕಿ.

ಕಾಗದದ ವಿಷಯವೂ ಇದೆ. ಗಾಡಿಯನ್ನು ಹೀಗೆ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ನನ್ನ ಆರ್‌ಸಿಯಲ್ಲಿ ಇನ್ನೂ ಹದಿಮೂರು ಸೀಟೇ ಇದೆ. ಅವತ್ತು ಗಾಡಿ ಸುಟ್ಟಿದ್ದರೆ ಇನ್ಶೂರೆನ್ಸ್‌ನವರ ಮುಂದೆ ಏನು ಹೇಳೋದು? ಕೊಳ್ಳುವ ಮುಂಚೆ ಆರ್‌ಸಿ ಓದಿ, ಗಾಡಿ ಜೊತೆ ಹೋಲಿಸಿ.

ಕಾಕಾ ವೈರಿಂಗ್ ಪೂರ್ತಿ ಕಿತ್ತು ಹೊಸದಾಗಿ ಎಳೆಯುತ್ತಿದ್ದಾರೆ. ಅರ್ಧ ಆಗಿದೆ. ಬ್ಯಾಟರಿ ಪಕ್ಕ ಹತ್ತನೇ ನಂಬರ್ ಪಾನಾ ದಾರ ಕಟ್ಟಿ ತೂಗುಹಾಕಿದ್ದೇನೆ. ಆರ್‌ಸಿಸಿಬಿ ಕೂರಿಸೋವರೆಗೆ ಹೊರಗಿನ ಪ್ಲಗ್ಗಿಗೆ ಟೇಪ್ ಸುತ್ತಿ ಇಟ್ಟಿದ್ದೇನೆ, ಮಕ್ಕಳು ಯಾರೂ ಹತ್ತಿರ ಹೋಗಬಾರದು ಅಂತ.