ಆಕ್ಟಾಟ್ರ್ಯಾಕ್ ಮಾರ್ಕ್ 2: ಆರು ವರ್ಷ ಲೂಪ್ ಬೆಸೆದ ಮೇಲೆ

ಹವ್ಯಾಸಿ ನಾಟಕಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಲ್ಯಾಪ್‌ಟಾಪ್ ಮುಂದೆ ಕೂತರೆ ಕೈ ಓಡುವುದಿಲ್ಲ. ಅದಕ್ಕೇ ಆರು ವರ್ಷದ ಹಿಂದೆ ಎಲೆಕ್ಟ್ರಾನ್ ಕಂಪನಿಯ ಈ ಸೀಕ್ವೆನ್ಸರ್ ಅನ್ನು, ಅಂದರೆ ಸದ್ದುಗಳನ್ನು ಸಾಲಾಗಿ ಜೋಡಿಸಿಟ್ಟರೆ ತಾನೇ ನುಡಿಸುವ ಯಂತ್ರವನ್ನು, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ.

ಎಂಟು ಆಡಿಯೊ ಟ್ರ್ಯಾಕ್ (ಒಂದೊಂದು ಸದ್ದಿಗೆ ಒಂದೊಂದು ಸಾಲು) ಇದೆ, ಸಾಕಲ್ವಾ ಅನಿಸುತ್ತದೆ. ಸಾಲುವುದಿಲ್ಲ. ಖಂಜಿರ, ತಂಬೂರಿ, ಎರಡು ಕೊಳಲು, ಬೇಸ್ ಅನ್ನುವಷ್ಟರಲ್ಲೇ ಐದು ಮುಗಿಯಿತು. ಎಂಟೂ ತುಂಬಿದರೆ ಲೂಪ್‌ಗಳನ್ನು, ಅಂದರೆ ಸುತ್ತಿ ಸುತ್ತಿ ಬರುವ ತುಣುಕುಗಳನ್ನು, ಒಂದಾಗಿ ಬೆಸೆಯಬೇಕು. ಪ್ರತಿ ಟ್ರ್ಯಾಕಿಗೂ ಒಂದು ರೆಕಾರ್ಡರ್ ಇದೆ. ಅದಕ್ಕೆ 'ಮೇನ್' ಔಟ್‌ಪುಟ್ ಉಣಿಸಿದರೆ ಆಗ ಕೇಳಿಸುತ್ತಿರುವುದೆಲ್ಲ ಒಂದೇ ಲೂಪ್ ಆಗುತ್ತದೆ. ಅದನ್ನು ಒಂದು ಟ್ರ್ಯಾಕಿನಲ್ಲಿಟ್ಟರೆ ಉಳಿದವು ಖಾಲಿ. ರೆಕಾರ್ಡ್ ಮಾಡುತ್ತಿರುವ ಟ್ರ್ಯಾಕನ್ನು ಮಾತ್ರ ಮ್ಯೂಟ್ ಮಾಡಿರಿ, ಇಲ್ಲವಾದರೆ ತನ್ನ ಸದ್ದನ್ನು ತಾನೇ ನುಂಗಿ ದಪ್ಪಗಾಗುತ್ತದೆ. ರಿವರ್ಬ್ (ಸದ್ದಿನ ಹಿಂದೆ ಉಳಿಯುವ ಮಾರ್ದನಿ) ಇದ್ದರೆ ಮೊದಲ ಸುತ್ತು ಸುಮ್ನೆ ಬಿಟ್ಟು ಎರಡನೆಯದನ್ನು ಹಿಡಿಯಿರಿ. ಹಿಂದಿನ ಸುತ್ತಿನ ಬಾಲ ಲೂಪಿನ ತಲೆಗೆ ಬಂದು ಕೂರುತ್ತದೆ, ಸೇರಿಸಿದ ಜಾಗ ಗೊತ್ತೇ ಆಗುವುದಿಲ್ಲ.

ಟ್ರ್ಯಾಕಿಗೊಂದು ಉದ್ದ ಇಡಬಹುದು. ನನಗೆ ಇಷ್ಟವಾದದ್ದೂ ಅದೇ, ಪೇಚಿಗೆ ಸಿಕ್ಕಿಸಿದ್ದೂ ಅದೇ. ಗೆಳೆಯನ ಖಂಜಿರ ಮಿಶ್ರ ಚಾಪು ತಾಳ, ಅಂದರೆ ಏಳು ಅಕ್ಷರಕ್ಕೆ (ತಾಳದ ಎಣಿಕೆಗೆ) 14 ಸ್ಟೆಪ್ (ಯಂತ್ರ ಎಣಿಸುವ ಮನೆ). ನನ್ನ ಬೇಸ್ 16. ಎರಡೂ ಮತ್ತೆ ಒಟ್ಟಿಗೆ ಶುರುವಾಗಲು 112 ಸ್ಟೆಪ್ ಬೇಕು. ರೆಕಾರ್ಡರ್‌ಗೆ ಕೊಡಬಹುದಾದ ಉದ್ದ 64ರವರೆಗೆ, ಇಲ್ಲವೇ 'ಮ್ಯಾಕ್ಸ್'. ನಾನು 64 ಇಟ್ಟೆ. ತೊಡೆ ಮೇಲೆ ತಾಳ ಹಾಕುತ್ತಿದ್ದವನು ಕೈ ನಿಲ್ಲಿಸಿ, "ಮೂರು ಅಕ್ಷರ ನುಂಗಿಬಿಟ್ಟೆಯಲ್ಲೋ!" ಅಂದ. ಲೆಕ್ಕ ಹಾಕಿ ನೋಡಿದೆ: 64ರಲ್ಲಿ ನಾಲ್ಕು ಸುತ್ತು ಮುಗಿದು ಐದನೆಯದಕ್ಕೆ ಉಳಿಯುವುದು 8 ಸ್ಟೆಪ್, ಅಂದರೆ ನಾಲ್ಕೇ ಅಕ್ಷರ. ನುಂಗಿದ್ದು ಸರಿಯಾಗಿ ಮೂರೇ. ಈಗ ಮ್ಯಾಕ್ಸ್ ಇಟ್ಟು, ಕೈಯಲ್ಲೇ ನಿಲ್ಲಿಸಿ, ಆಮೇಲೆ ಎಡಿಟರ್‌ನಲ್ಲಿ ಹೆಚ್ಚಾದ ತುದಿ ಕತ್ತರಿಸುತ್ತೇನೆ.

ಸ್ಯಾಂಪಲ್ ಮೆಮೊರಿ 85.5 ಎಂಬಿ, ಸ್ಟೀರಿಯೊದಲ್ಲಿ ಸುಮಾರು ಎಂಟು ನಿಮಿಷ. ನಾಟಕದ ಒಂದು ದೃಶ್ಯಕ್ಕೆ ಧಾರಾಳ. ಆದರೆ ರೆಕಾರ್ಡ್ ಮಾಡಿದ ಲೂಪನ್ನು ಕಾರ್ಡಿಗೆ ಬೇರೆಯಾಗಿಯೇ ಸೇವ್ ಮಾಡಬೇಕು. ಒಮ್ಮೆ ಬರೀ ಪ್ರಾಜೆಕ್ಟ್ ಸೇವ್ ಮಾಡಿ ಆಫ್ ಮಾಡಿದೆ. ಬೆಳಿಗ್ಗೆ ಟ್ರಿಗ್‌ಗಳೆಲ್ಲ (ಯಾವ ಸ್ಟೆಪ್‌ನಲ್ಲಿ ನುಡಿಸಬೇಕೆಂದು ಇಟ್ಟ ಗುರುತುಗಳು) ಅಲ್ಲೇ ಮಿನುಗುತ್ತಿದ್ದವು, ಸದ್ದು ಮಾತ್ರ ಇಲ್ಲ! ತಪ್ಪು ನನ್ನದೇ, ಮ್ಯಾನ್ಯುಯಲ್‌ನಲ್ಲಿ ಬರೆದಿದೆ. ಅಂದಹಾಗೆ ಇದಕ್ಕೆ ಬೇಕಾದದ್ದು ಹಳೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್. ಎಸ್.ಪಿ. ರೋಡ್‌ನಲ್ಲಿ ನಾಲ್ಕು ಅಂಗಡಿ ಸುತ್ತಿದ ಮೇಲೆ ಸಿಕ್ಕಿತು.

ಗಿಟಾರ್ ಮೇಲೆ ಗಿಟಾರ್ ಪೇರಿಸುವುದಷ್ಟೇ ನಿಮ್ಮ ಕೆಲಸವಾದರೆ ಕಾಲಲ್ಲಿ ಒತ್ತುವ ಲೂಪ್ ಪೆಡಲ್ ಸಾಕು, ಇಷ್ಟು ದುಡ್ಡು ಹಾಕಬೇಡಿ. ಇದು ಕೈಗೆ ಹತ್ತಲು ನನಗೆ ಎರಡು ತಿಂಗಳಾಯಿತು.

ಬೆಸೆಯುವ ಮೊದಲು ಪ್ಯಾಟರ್ನ್ (ಎಲ್ಲ ಟ್ರ್ಯಾಕಿನ ಜೋಡಣೆ) ಅನ್ನು ಪಕ್ಕದ ಖಾನೆಗೆ ಕಾಪಿ ಮಾಡಿಡುವುದನ್ನು ಈಗ ತಪ್ಪಿಸುವುದಿಲ್ಲ. ಬೆಸೆದ ಲೂಪಿನಲ್ಲಿ ಒಂದೇ ವಾದ್ಯವನ್ನು ತಗ್ಗಿಸಲು ಆಗುವುದಿಲ್ಲ. ಪ್ರದರ್ಶನದ ಹಿಂದಿನ ದಿನ ನಿರ್ದೇಶಕರು "ಆ ಕೊಳಲು ಸ್ವಲ್ಪ ಕಮ್ಮಿ ಮಾಡ್ರೀ" ಅಂದೇ ಅನ್ನುತ್ತಾರೆ.